ಮುಷ್ಟಿ ಅಕ್ಕಿಯ ಮನೆ

"ಆ ಟ್ರಂಕು ಒಳಗ ತರಬ್ಯಾಡ ಕೃಪಾ... ಅಲ್ಲೇ ಕಟ್ಟಿ ಮ್ಯಾಲ ಇರಲಿ!"

ದಿನ ತುಂಬಿದ ಮಗಳು ಗೇಟು ದಾಟಿ ಒಳಗೆ ಕಾಲಿಟ್ಟ ಕೂಡಲೇ ಹೆತ್ತ ತಾಯಿಯ ಬಾಯಿಂದ ಹೊರಬಿದ್ದ ಮೊದಲ ಮಾತು ಇದು. ಕೃಪಾ ಸವಣೂರಿನಿಂದ ಹೊರಟು, ಬಂಕಾಪುರದಲ್ಲಿ ಬಸ್ಸು ಬದಲಿಸಿ, ಹಾನಗಲ್ಲಿನ ಸ್ಟ್ಯಾಂಡಿನಿಂದ ಏದುಸಿರು ಬಿಡುತ್ತ ನಡೆದು ಬಂದಿದ್ದಳು. ಕಾಲು ಬಾತು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗಿತ್ತು. ಕೈತುಂಬ ಕುಬುಸದ ಶಾಸ್ತ್ರದಲ್ಲಿ ಬಸುರಿಗೆ ತೊಡಿಸಿದ ಹಸಿರು ಬಳೆಗಳಿದ್ದವು. ಟ್ರಂಕನ್ನು ಕಟ್ಟೆಯ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅತ್ತಿಯವರು ಕಳಿಸ್ಯಾರ್ರಿ ಬಾಯಾರ. ಚೊಚ್ಚಲ ಬಾಣಂತನ ತವರಿನ್ಯಾಗ ಆಗಬೇಕಂತ. ನಮ್ಮವರು ಲಾರಿ ತಗೊಂಡು ಹುಬ್ಬಳ್ಳಿ ಕಡೆ ಹೋಗ್ಯಾರ, ಅದಕ್ಕ ಒಬ್ಬಾಕಿನ ಬಂದೆ..."

"ಗೊತ್ತಾತವಾ. ಕೂಡು, ನೀರು ಕುಡಿ. ಇವತ್ತೊಂದಿನ ಇರು. ನಾಳೆ ಮುಂಜಾನಿ ಬಸ್ಸಿಗೆ ನಾನ ಬಂದು ಬಿಟ್ಟು ಬರ್ತೇನಿ."

"ಬಿಟ್ಟು ಬರ್ತೀರಿ? ಎಲ್ಲಿಗೆ?"

"ನಿನ್ನ ಮನಿಗೆ."

"ಹಂಗಾರ... ಇದು ಯಾರ ಮನಿ?"

ಎಸ್ತೇರಬಾಯಿ ನೀರು ತರಲು ಒಳಗೆ ಹೋದಳು.

ಹೆತ್ತ ಮಗಳು ತಾಯಿಯನ್ನು 'ಬಾಯಾರ' ಎಂದು ಕರೆಯುವುದೇನು, ಶಾಲೆಯ ಟೀಚರನ್ನು ಕರೆದ ಹಾಗೆ! ಅದಕ್ಕೊಂದು ಕಾರಣವಿದೆ. ಒಳ್ಳೆಯ ಕಾರಣವೇ ಇದೆ, ಅದೇ ಬಂದ ತೊಂದರೆ. ಕೆಟ್ಟ ಬುದ್ಧಿಯಿಂದ ಆದ ಅನ್ಯಾಯವಾದರೆ ಬೈದು, ಶಪಿಸಿ, ಹೇಗೋ ಮರೆಯಬಹುದು. ಒಳ್ಳೆಯ ಬುದ್ಧಿಯಿಂದ ಆದ ಅನ್ಯಾಯಕ್ಕೆ ಯಾರನ್ನು ಹಿಡಿದು ಬೈಯುವುದು?

ಹಾನಗಲ್ಲಿನ ಅಂಚಿಗೆ, ಅಕ್ಕಿಆಲೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಹಂಚಿನ ಉದ್ದನೆಯ ಕಟ್ಟಡವೊಂದಿತ್ತು. ತಂದೆತಾಯಿ ಇಲ್ಲದ, ಇದ್ದೂ ಬೇಡವಾದ ಹೆಣ್ಣುಮಕ್ಕಳನ್ನು ಕ್ರೈಸ್ತ ಸಭೆಯವರು ಅಲ್ಲಿ ಸಾಕುತ್ತಿದ್ದರು. ಊರಿನವರ ಬಾಯಲ್ಲಿ ಅದು 'ಹುಡಿಗ್ಯಾರ ಮನಿ'. ಅದಕ್ಕೆ ಹೊಲವಿಲ್ಲ, ಬಾಡಿಗೆ ಬರುವ ಅಂಗಡಿಯಿಲ್ಲ. ಅದು ನಡೆಯುತ್ತಿದ್ದುದು ಮುಷ್ಟಿ ಅಕ್ಕಿಯ ಮೇಲೆ. ಹಾನಗಲ್, ಅಕ್ಕಿಆಲೂರು, ಹಿರೇಕೆರೂರಿನ ಕಡೆಯ ಕ್ರೈಸ್ತ ಮನೆಗಳಲ್ಲಿ ಹೆಣ್ಣುಮಕ್ಕಳು ಒಲೆಯ ಮೇಲೆ ಎಸರಿಟ್ಟಾಗ, ಅಕ್ಕಿ ತೊಳೆಯುವ ಮೊದಲು ಒಂದು ಮುಷ್ಟಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಭಾನುವಾರ ಅದು ಅವರು ಗುಡಿ ಎನ್ನುವ ಚರ್ಚಿಗೆ ಬರುತ್ತಿತ್ತು, ಗುಡಿಯಿಂದ ಹುಡಿಗ್ಯಾರ ಮನಿಗೆ. ಇದನ್ನು ನೋಡಿ ಹಿಂದಿನ ಓಣಿಯ ಚೌಡವ್ವ, ಕರೀಮಸಾಬರ ಮನೆಯ ಹೆಂಗಸರು ಕೂಡ ಮಡಕೆ ಇಟ್ಟಿದ್ದರು. ಅಲ್ಲಿ ಬೇಯುವ ಅನ್ನದ ಒಂದೊಂದು ಅಗುಳೂ ಯಾರೋ ತಮ್ಮ ಮಕ್ಕಳ ತಟ್ಟೆಯಿಂದ ತೆಗೆದುಕೊಟ್ಟದ್ದು.

ಎಸ್ತೇರಬಾಯಿ ಗಂಡನನ್ನು ಕಳೆದುಕೊಂಡು, ಸಣ್ಣ ಕೂಸನ್ನು ಬಗಲಲ್ಲಿ ಹೊತ್ತು ಟೀಚರಾಗಿ ಅಲ್ಲಿಗೆ ಬಂದಾಗ ಬೇರೊಬ್ಬ ಮೇಲ್ವಿಚಾರಕನಿದ್ದ. ಅವನು ದುಷ್ಟನೇನಲ್ಲ, ಕರುಳು ಮೆತ್ತಗಿನ ಮನುಷ್ಯ. ಅತ್ತೆ ಬಂದರೆ ಇರಲಿ ಅಂದ, ಹೆಂಡತಿಯ ತಮ್ಮಂದಿರು ಬಂದರೆ ಉಣ್ಣಲಿ ಅಂದ. ಅವನ ಬೀಗರೆಲ್ಲ ಬಂದು ಬೀಡು ಬಿಟ್ಟ ಮೇಲೆ ಹುಡುಗಿಯರ ಅನ್ನ ಗಂಜಿಯಾಯಿತು, ಗಂಜಿ ತಿಳಿಯಾಯಿತು. ಶಾರವ್ವ ಎಂಬ ಪುಟ್ಟ ಹುಡುಗಿ ಜ್ವರ ಬಂದು ಮಲಗಿದಾಗ, "ಇನ್ನೊಂದು ಸೌಟು ಹಾಕ್ರಿ ಬಾಯಾರ" ಎಂದು ಕೇಳಿ ಎಸ್ತೇರಬಾಯಿಯ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಆ ಮೇಲ್ವಿಚಾರಕ ಬಿಟ್ಟುಹೋದ ಮೇಲೆ, ಎಪ್ಪತ್ತೊಂದರಲ್ಲಿ, ಮನೆಯ ಹೊಣೆ ಹೊತ್ತಿದ್ದ ಮಿಷನ್ನಿನ ಹಿರಿಯ ದೊರೆಸಾನಿ ಸ್ವದೇಶಕ್ಕೆ ಹೊರಟಾಗ ಕೀಲಿಗೊಂಚಲನ್ನು ಈಕೆಯ ಕೈಯಲ್ಲಿಟ್ಟು ಹೇಳಿದಳಂತೆ: "ಇದು ನನ್ನದಲ್ಲ, ನಿನ್ನದೂ ಅಲ್ಲ. ಒಡೆಯ ಬೇರೆ ಇದ್ದಾನೆ. ನೀನು ಅವನ ಮನೆವಾರ್ತೆ ನೋಡುವವಳು. ನಿನ್ನ ಕೈಗೆ ಕೊಟ್ಟದ್ದನ್ನೆಲ್ಲ ಒಂದು ದಿನ ಅವನಿಗೆ ಒಪ್ಪಿಸಬೇಕು."

ಆ ಮಾತನ್ನು ಎಸ್ತೇರಬಾಯಿ ಎದೆಯಲ್ಲಿ ಇಟ್ಟುಕೊಂಡಳು. ತನ್ನ ಸಂಬಳದಲ್ಲಿ ಮಗಳ ಊಟದ ದುಡ್ಡು ಕಟ್ಟಿದಳು. ತಂದೆತಾಯಿ ಇಲ್ಲದ ಮಕ್ಕಳ ಮುಂದೆ ಒಬ್ಬಳು 'ಅವ್ವಾ' ಎಂದು ಕೂಗಿದರೆ ಉಳಿದವರ ಹೊಟ್ಟೆಯಲ್ಲಿ ಏನಾದೀತು ಎಂದು ಎಣಿಸಿ, ಆರು ವರ್ಷದ ಕೃಪಾಳನ್ನು ಕೂರಿಸಿಕೊಂಡು, "ಇವತ್ತಿನಿಂದ ನಾ ನಿನಗೂ ಬಾಯಾರ" ಎಂದು ಹೇಳಿದಳು. ಹುಡುಗಿ ತಲೆಯಾಡಿಸಿತು. ಅಂದಿನಿಂದ ಕೃಪಾ ಉದ್ದನೆಯ ಹಾಲಿನಲ್ಲಿ ಎಲ್ಲರ ಜೊತೆ ಚಾಪೆ ಹಾಸಿದಳು. ಶನಿವಾರ ಎಸ್ತೇರಬಾಯಿ ಪ್ರತಿಯೊಬ್ಬಳ ತಲೆ ಬಾಚಿ ಹೇನು ತೆಗೆಯುತ್ತಿದ್ದಳು. ಪಕ್ಷಪಾತ ಅನ್ನಬಾರದೆಂದು ಮಗಳ ಸರದಿ ಎಲ್ಲರಿಗಿಂತ ಕೊನೆಗೆ. ಕೊನೆಗೆ ಬರುವಷ್ಟರಲ್ಲಿ ಇನ್ನೊಂದು ಕೆಲಸ ಬಂದಿರುತ್ತಿತ್ತು. ಕೃಪಾಳ ತಲೆ ಬಾಚುತ್ತಿದ್ದವಳು ಅವಳಿಗಿಂತ ತುಸು ದೊಡ್ಡವಳಾದ ಮಂಜವ್ವ. ಸಂತೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಹುಡುಗಿ ಅದು.

ಮದುವೆಯಲ್ಲೂ ಅಷ್ಟೆ. ಮನೆಯ ಹುಡುಗಿಯರಿಗೆ ಕೊಡುವ ಒಂದು ಸೀರೆ, ಒಂದು ತಾಮ್ರದ ಕೊಡವೇ ಕೃಪಾಳಿಗೂ ಸಂದಿತು. ಬೀಗಿತಿ ರಾಹೇಲವ್ವ ಸವಣೂರಿನ ಓಣಿಯಲ್ಲೆಲ್ಲ ಆಡಿಕೊಂಡಳು: "ತಾಯಿ ಇದ್ದ ಅನಾಥ ಹುಡುಗಿನ್ನ ತಂದೇವಿ ನೋಡ್ರಿ!" ಲಾರಿ ಓಡಿಸುವ ಅವಳ ಮಗ, ಕೃಪಾಳ ಗಂಡ ಯೋನಾತನ, ಸಾಧು ಮನುಷ್ಯ, ತಾಯಿಯ ಎದುರು ತುಟಿ ಬಿಚ್ಚುವವನಲ್ಲ. ಕೃಪಾ ಎಲ್ಲವನ್ನೂ ನುಂಗಿಕೊಂಡು ಬದುಕಿದಳು.

ಈಗ ಎಂಬತ್ತೇಳರ ಮಳೆಗಾಲ. ಮದುವೆಯಾಗಿ ಹೋದ ಹುಡುಗಿಯರಿಗೆ ಬೇರೆ ತವರಿಲ್ಲವೆಂದು ಚೊಚ್ಚಲ ಬಾಣಂತನವನ್ನು ಹುಡಿಗ್ಯಾರ ಮನಿಯಲ್ಲೇ ಮಾಡುವ ಪದ್ಧತಿ ಇತ್ತು. ಹಿತ್ತಲ ಕಡೆಗೆ ಅದಕ್ಕೆಂದೇ ಒಂದು ಕೋಣೆ. ಅಕ್ಕಿಆಲೂರಿನ ಮಿಲ್ಲಿನಲ್ಲಿ ಹಮಾಲಿ ಮಾಡುವ ಗಂಡನ ಮನೆಯಿಂದ ಮಂಜವ್ವ ಬಂದು ಆ ಕೋಣೆಯಲ್ಲಿ ಇಳಿದುಕೊಂಡಿದ್ದಳು. ಕೃಪಾಳ ದನಿ ಕೇಳಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಬಾಯಾರ, ಅಕಿನೂ ನನ್ನ ಕೋಣ್ಯಾಗ ಇರಲಿ. ಮಂಚ ಅಕಿಗೆ ಕೊಡ್ರಿ, ನಾ ಕೆಳಗ ಮಲಗ್ತೇನಿ. ನನಗ ಬೇಯಿಸಿದ್ದರಾಗ ಅಕಿಗೊಂದಿಷ್ಟು..."

"ಸುಮ್ನಿರು ಮಂಜವ್ವ! ಇವತ್ತ ನನ್ನ ಮಗಳು ಇಲ್ಲಿ ಹಡದ್ರ, ನಾಳೆ ಅಡಿಗಿ ಗುಡ್ಡವ್ವ ತನ್ನ ಸೊಸಿನ್ನ ಕರಕೊಂಡು ಬರ್ತಾಳ. ನಾ ಬ್ಯಾಡ ಅನ್ನೂದು ಯಾವ ಬಾಯಿಲೆ? ಈ ಅನ್ನ ನಮ್ಮದಲ್ಲವಾ... ನಮ್ಮದಲ್ಲ." ಎಸ್ತೇರಬಾಯಿ ಮಗಳ ಕಡೆ ತಿರುಗಿದಳು. "ಕೃಪಾ, ನಾನ ಸವಣೂರಿಗೆ ಬರ್ತೇನಿ. ರಜಾ ಹಾಕಿ, ನಿನ್ನ ಮನ್ಯಾಗ ಇದ್ದು ಬಾಣಂತನ ಮಾಡ್ತೇನಿ. ದೇವರಾಣಿ ಬರ್ತೇನಿ."

ಕೃಪಾ ವಾದ ಮಾಡಲಿಲ್ಲ. ಚಿಕ್ಕಂದಿನಿಂದ ವಾದ ಮಾಡಿ ಗೊತ್ತಿದ್ದರೆ ತಾನೆ? ಮರುದಿನ ಬೆಳಿಗ್ಗೆ ಅದೇ ಟ್ರಂಕಿನೊಡನೆ ಅದೇ ಬಸ್ಸು ಹತ್ತಿದಳು. ಸೊಸೆ ಹೋದ ದಾರಿಯಲ್ಲೇ ವಾಪಸು ಬಂದದ್ದನ್ನು ಕಂಡು ರಾಹೇಲವ್ವ ಬಾಗಿಲಲ್ಲಿ ಏನೆಲ್ಲ ಅಂದಳೋ, ಅದನ್ನು ಇಲ್ಲಿ ಬರೆಯುವುದು ಬೇಡ. ಎಸ್ತೇರಬಾಯಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ಇನ್ನು ಎಂಟು ದಿನಕ್ಕೆ ಬರುತ್ತೇನೆಂದು ಹೇಳಿ, ಹುಡುಗಿಯರ ಊಟದ ಹೊತ್ತಿಗೆ ಹಾನಗಲ್ಲಿಗೆ ಮರಳಿದಳು.

ಎಂಟು ದಿನ ಕಾಯುವ ಪುರಸೊತ್ತು ಯಾರ ಹೊಟ್ಟೆಗೂ ಇರಲಿಲ್ಲ. ಮೊದಲು ಮಂಜವ್ವನಿಗೆ ಬೇನೆ ಹತ್ತಿತು. ಕೂಸು ಅಡ್ಡ ತಿರುಗಿದೆ, ಹೊತ್ತು ಹಿಡಿಯುತ್ತದೆ ಎಂದು ಸೂಲಗಿತ್ತಿ ಚಮನಬಿ ಹೇಳಿದ್ದಳು. ಆ ಮಧ್ಯಾಹ್ನವೇ ಸವಣೂರಿನ ವೀಳ್ಯದೆಲೆ ವ್ಯಾಪಾರಿ ರಾಜೇಸಾಬ ಬಸ್ಸಿಳಿದು ಬಂದು ಗೇಟಿನಲ್ಲಿ ನಿಂತ. ಅವನ ಮನೆ ಕೃಪಾಳ ಮನೆಗೆ ಎದುರಿಗೆ.

"ಬಾಯಾರ, ಮುಂಜಾನಿಂದ ನಿಮ್ಮ ಮಗಳಿಗೆ ಬ್ಯಾನಿ ಸುರು ಆಗ್ಯಾವ್ರಿ. ಯೋನಾತನ ಊರಾಗಿಲ್ಲ, ಅತ್ತಿ ಒಬ್ಬಾಕಿನ ಅದಾಳ. ಲಗೂನ ಹೋಗ್ರಿ. ಹುಡುಗಿ ಅವ್ವಾ ಅವ್ವಾ ಅಂತ ಒದರಾಕತ್ತೈತ್ರಿ..."

"ಏನಂತ? ಏನಂತ ಒದರಾಕತ್ತಾಳ?"

"ಅವ್ವಾ ಅಂತ್ರಿ."

ಎಸ್ತೇರಬಾಯಿ ಚಪ್ಪಲಿ ಮೆಟ್ಟಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗಿನಿಂದ ಚಮನಬಿ ಕೂಗಿ ಹೇಳಿದಳು: "ನೀವು ಹೋಗ್ರಿ ಬಾಯಾರ! ಇಲ್ಲಿ ನಾ ಅದೇನಿ, ಗುಡ್ಡವ್ವ ಅದಾಳ, ದೊಡ್ಡ ಹುಡಿಗ್ಯಾರ ಅದಾರ. ನೀವಿದ್ದು ಏನು ನಿಮ್ಮ ಕೈಲೆ ಹಡಸ್ತೀರಿ?" ಎಸ್ತೇರಬಾಯಿ ಗೇಟಿನ ತನಕ ಹೋದಳು. ಅಷ್ಟರಲ್ಲಿ ಹಿತ್ತಲ ಕೋಣೆಯಿಂದ ಮಂಜವ್ವ ಚೀರಿದ್ದು ಕೇಳಿತು. ಕಾಲುಗಳು ನಿಂತುಬಿಟ್ಟವು. ಕೃಪಾಳಿಗೆ ಇಂದಲ್ಲ ನಾಳೆ ಬರುವ ಗಂಡನಿದ್ದಾನೆ, ಅತ್ತೆಯಿದ್ದಾಳೆ, ಓಣಿಯ ಜನರಿದ್ದಾರೆ. ಈ ಹುಡುಗಿಗೆ ಹಮಾಲಿ ಮಾಡುವ ಗಂಡನೊಬ್ಬನನ್ನು ಬಿಟ್ಟರೆ ಯಾರಿದ್ದಾರೆ? ಒಡೆಯ ತನ್ನ ಕೈಯಲ್ಲಿಟ್ಟ ಜೀವ ಇದು. ತಾನು ಹೋದ ಮೇಲೆ ಹೆಚ್ಚುಕಡಿಮೆಯಾದರೆ? ಚಪ್ಪಲಿ ಬಿಟ್ಟು ಒಳಗೆ ಬಂದಳು. "ಸಂಜೀಕ ಬರ್ತೇನಿ ಅಂತ ಹೇಳು ರಾಜೇಸಾಬ," ಎಂದಳು.

ಸಂಜೆಗೆ ಮಂಜವ್ವ ಗಂಡುಮಗು ಹೆತ್ತಳು. ರಕ್ತ ಹೋಗಿ, ಜ್ವರ ಏರಿ, ಎಚ್ಚರ ತಪ್ಪಿ ಬಿದ್ದಳು. ಸವಣೂರಿಗೆ ಬಸ್ಸು ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಬಂದ ಸುದ್ದಿ ಎಂದರೆ, ಕೃಪಾಳ ಹೊಟ್ಟೆಯಲ್ಲಿದ್ದ ಹೆಣ್ಣುಕೂಸು ಉಸಿರಾಡಲೇ ಇಲ್ಲ...

ಇತ್ತ ಮಂಜವ್ವನ ಮೈ ಕೆಂಡ, ಎದೆಯಲ್ಲಿ ಹಾಲಿಲ್ಲ. ಆಡಿನ ಹಾಲು ಹತ್ತಿಯಲ್ಲಿ ಅದ್ದಿ ಹಿಂಡಿದರೆ ಕೂಸು ಕಾರಿಕೊಳ್ಳುತ್ತಿತ್ತು. "ಇದು ಒಗ್ಗವಲ್ದ್ರಿ," ಎಂದಳು ಚಮನಬಿ. "ಎದಿ ಹಾಲ ಬೇಕು. ಎಲ್ಲೆರೆ ಹಸಿ ಬಾಣಂತಿ ಸಿಕ್ಕರ..." ಎಂದವಳು ಎಸ್ತೇರಬಾಯಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಹೊಳೆಯಬಾರದ್ದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಹುಡುಗಿಯರ ಮಧ್ಯಾಹ್ನದ ಊಟ ಮುಗಿಸಿ ಸವಣೂರಿನ ಬಸ್ಸು ಹತ್ತಿ, ಕಿಟಕಿಯ ಸರಳು ಹಿಡಿದು ಕೂತ ಎಸ್ತೇರಬಾಯಿ ತನ್ನೊಡನೆ ತಾನೇ ಜಗಳವಾಡಿದಳು. ಕೇಳದಿದ್ದರೆ ಆ ಕೂಸು ಉಳಿಯುವುದಿಲ್ಲ. ಕೇಳಿದರೆ... ಯಾವ ಮುಖ ಇಟ್ಟುಕೊಂಡು ಕೇಳುವುದು? ಬಂಕಾಪುರ ದಾಟುವಾಗ ನಿರ್ಧರಿಸಿದಳು. ಇಲ್ಲ, ಕೇಳುವುದಿಲ್ಲ. ಇಷ್ಟು ವರ್ಷ ಮಗಳಿಂದ ತೆಗೆದುಕೊಂಡದ್ದು ಸಾಕು. ಇಂದು ಬರೀ ತಾಯಿಯಾಗಿ ಹೋಗುತ್ತೇನೆ.

"ಬಂದ್ರೇನು?" ಬಾಗಿಲಲ್ಲೇ ರಾಹೇಲವ್ವ ಕೈ ಅಡ್ಡ ಹಿಡಿದಳು. "ಮಂದಿ ಮಕ್ಕಳನ್ನ ಸಾಕಿ ಸ್ವರ್ಗಕ್ಕ ಹೋಗೂ ಪುಣ್ಯಾತಗಿತ್ತಿ ಬಂದ್ಲು ನೋಡ್ರಿ! ಮಣ್ಣು ಕೊಟ್ಟು ಬಂದ ಮ್ಯಾಲ ಏನು ನೋಡಾಕ ಬಂದ್ರಿ?"

ಒಳಗಿನಿಂದ ಕ್ಷೀಣವಾದ ದನಿ ಬಂತು. "ಒಳಗ ಬಿಡ್ರಿ ಅತ್ತಿ..."

ಕತ್ತಲು ಕೋಣೆಯಲ್ಲಿ ಕೃಪಾ ಗೋಡೆಗೆ ಒರಗಿದ್ದಳು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದಿದ್ದರು. ಆದರೂ ಕುಪ್ಪಸ ತೊಯ್ದು ತೊಟ್ಟಿಕ್ಕುತ್ತಿತ್ತು. ಎಸ್ತೇರಬಾಯಿ ಮಗಳ ಪಾದದ ಹತ್ತಿರ ಕುಸಿದು ಕೂತಳು.

"ಡಾಕ್ಟರನ್ನ ಕರೀರಿ ಕರೀರಿ ಅಂದೆ," ಎಂದಳು ಕೃಪಾ, ಯಾರದೋ ಸುದ್ದಿ ಹೇಳಿದಂತೆ. "ಚೊಚ್ಚಲ ಹಂಗ ಇರ್ತೈತಿ ಅಂದ್ರು ಅತ್ತಿ. ನನ್ನ ಪರವಾಗಿ ಜೋರಾಗಿ ಹೇಳಾಕ ತವರಿನವರು ಒಬ್ಬರೂ ಇರಲಿಲ್ಲ. ಸಂಜೀತನಕ ಬಾಗಿಲ ನೋಡಿದೆ ಬಾಯಾರ... ಹೋಗಲಿ ಬಿಡ್ರಿ. ಮಂಜಿ ಹ್ಯಾಂಗದಾಳ?"

"ಗಂಡು ಕೂಸು. ಅಕಿಗೆ ಜ್ವರ ಬಾಳ ಐತಿ. ಹಾಲಿಲ್ಲ."

ಹೇಳಿದ ಮೇಲೆ ಎಸ್ತೇರಬಾಯಿ ತುಟಿ ಕಚ್ಚಿ ಹಿಡಿದಳು. ಕೃಪಾ ತನ್ನ ತೊಯ್ದ ಕುಪ್ಪಸವನ್ನು ನೋಡಿಕೊಂಡಳು.

"ಅದನ್ನ ಕೇಳಾಕ ಬಂದೀರೇನು?"

"ಇಲ್ಲ! ಇಲ್ಲ ಕೃಪಾ! ನಿನ್ನ ನೋಡಾಕ ಬಂದೇನಿ."

"ಕೇಳೂ ವಿಚಾರ ಬಂದಿತ್ತೋ ಇಲ್ಲೋ? ಖರೇ ಹೇಳ್ರಿ."

"...ಬಂದಿತ್ತು."

ಕೃಪಾ ಆಗ ಅತ್ತಳು. ಸತ್ತ ಕೂಸನ್ನು ಎತ್ತಿಕೊಂಡು ಹೋದಾಗಲೂ ಅಳದಿದ್ದವಳು ಈಗ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು!

"ಎಲ್ಲಾರಿಗೂ ಒಡೆಯ ಕೊಟ್ಟದ್ದು, ಒಡೆಯ ಕೊಟ್ಟದ್ದು ಅಂತ ಹೇಳ್ತಿದ್ರಿ. ಆ ಅಕ್ಕಿ ಒಡೆಯ ಕೊಟ್ಟದ್ದು. ಆ ಹುಡಿಗ್ಯಾರನ್ನ ಒಡೆಯ ಕೊಟ್ಟಾನ. ಮತ್ತ ನನ್ನ ಯಾರು ಕೊಟ್ಟಿದ್ರು ನಿಮಗ? ನಾ ಒಬ್ಬಾಕಿ ನಿಮ್ಮ ಸ್ವಂತ ಗಳಿಕಿ ಏನು, ಬೇಕಾದಾಗ ತಗದು ಮಂದಿಗೆ ಕೊಡಾಕ? ನನ್ನ ಒಪ್ಪಿಸೂದು ಬ್ಯಾಡೇನು ಅವಗ? ಏನಂತ ಒಪ್ಪಸ್ತೀರಿ ಬಾಯಾರ... ಏನಂತ?"

ಎಸ್ತೇರಬಾಯಿ ಗುಡಿಯಲ್ಲಿ ಎಷ್ಟು ಪ್ರಸಂಗ, ಉಪದೇಶ ಕೇಳಿದ್ದಳು, ಎಷ್ಟು ಪ್ರಾರ್ಥನೆ ಮಾಡಿದ್ದಳು! ಒಬ್ಬ ಸಭಾಪಾಲಕರೂ ಈ ಪ್ರಶ್ನೆ ಕೇಳಿರಲಿಲ್ಲ. ಒಪ್ಪಿಸಬೇಕಾದವರನ್ನು ದಿನಾ ಮನಸ್ಸಿನಲ್ಲಿ ಎಣಿಸುವಾಗ ಮಗಳನ್ನು ಬಿಟ್ಟೇ ಎಣಿಸಿದ್ದಳು. ಅದನ್ನೇ ತ್ಯಾಗವೆಂದು ತಿಳಿದಿದ್ದಳು.

ಅಳು ನಿಂತ ಮೇಲೆ ಕೃಪಾ ಎದೆಗೆ ಬಿಗಿದ ಬಟ್ಟೆಯ ಗಂಟು ಬಿಚ್ಚತೊಡಗಿದಳು.

"ನಾ ಬರ್ತೇನಿ. ನಿಮ್ಮ ಸಲುವಾಗಿ ಅಲ್ಲ, ನಿಮ್ಮ ಮನಿ ಸಲುವಾಗಿನೂ ಅಲ್ಲ. ಮಂಜಿ ನನ್ನ ತಲಿ ಬಾಚಿದಾಕಿ. ಆದ್ರ ಒಂದು ಮಾತು. ನಾ ಇರೂತನಕ ನೀವು ಆ ಕೋಣಿಯೊಳಗ ಬರಬಾರದು."

"ಆಗಲಿ," ಎಂದಳು ಎಸ್ತೇರಬಾಯಿ.

ರಾಹೇಲವ್ವ ಕುಣಿದಾಡಿದಳು. ಹಸಿ ಬಾಣಂತಿ ಹೊಸ್ತಿಲು ದಾಟುವುದುಂಟೆ, ಅದೂ ಯಾರದೋ ಕೂಸಿಗೆ ಹಾಲೂಡಲು! ಸುದ್ದಿ ತಿಳಿದು ಊರಿಗೆ ಮರಳಿದ್ದ ಯೋನಾತನ ಆ ದಿನ ಮೊದಲ ಸಲ ತಾಯಿಯ ಎದುರು ನಿಂತ. "ಡಾಕ್ಟರ್ ಕರೀಲಿಲ್ಲ ನೀ. ಇನ್ನ ಮಾತಾಡಬ್ಯಾಡವ್ವಾ," ಎಂದಷ್ಟೇ ಹೇಳಿ, ಲಾರಿಯಲ್ಲಿ ಹಾಸಿಗೆ ಹಾಸಿ ಹೆಂಡತಿಯನ್ನು ಹಾನಗಲ್ಲಿಗೆ ಕರೆತಂದ.

ಹೀಗೆ ಕೃಪಾ ಆ ಕೋಣೆ ಸೇರಿದಳು. ಈಗ ಯಾವ ನಿಯಮವೂ ಅಡ್ಡ ಬರಲಿಲ್ಲ. ಮನೆಯ ಕೂಸಿಗೆ ಹಾಲೂಡುವವಳು, ಆದ್ದರಿಂದ ಅವಳ ಊಟ ಮನೆಯದು. ಹೆರುವ ಮಗಳಿಗೆ ಇಲ್ಲದ ಜಾಗ, ಕಳೆದುಕೊಂಡ ಮಗಳಿಗೆ ಸಿಕ್ಕಿತು! ಒಲೆಯ ಮುಂದೆ ಕೂತು ಬಾಣಂತಿಯರಿಗೆ ಅಂಟಿನ ಉಂಡೆ ಕಟ್ಟುವಾಗ ಎಸ್ತೇರಬಾಯಿಗೆ ಇದು ಹೊಳೆಯಿತು. ದಿನವೂ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಉಂಡೆಗಳನ್ನು ಮಾಡಿ ಹೊಸ್ತಿಲ ಈಚೆಗಿಟ್ಟು ಸರಿದು ನಿಲ್ಲುತ್ತಿದ್ದಳು. ಒಳಗೆ ಕೂಸು ಚೀಪುವ ಸದ್ದು ಕೇಳುತ್ತಿತ್ತು. ಒಮ್ಮೊಮ್ಮೆ ಕೃಪಾ ಬಿಕ್ಕುವುದೂ ಕೇಳುತ್ತಿತ್ತು, ಮಂಜವ್ವ ಸಮಾಧಾನ ಹೇಳುವುದೂ ಕೇಳುತ್ತಿತ್ತು. ಒಳಗೆ ಹೋಗಿ ತಬ್ಬಿಕೊಳ್ಳಬೇಕೆಂದು ಜೀವ ಹಾತೊರೆದರೂ ಎಸ್ತೇರಬಾಯಿ ಕೊಟ್ಟ ಮಾತು ಮೀರಲಿಲ್ಲ. ಮಾತು ಮೀರಿದ್ದರೇ ಒಳ್ಳೆಯದಿತ್ತೇನೋ. ಆದರೆ ಅದು ಅವಳ ಜಾಯಮಾನದಲ್ಲಿರಲಿಲ್ಲ.

ಶ್ರಾವಣ ಕಳೆಯಿತು, ಭತ್ತದ ಗದ್ದೆ ಹಸಿರಾಯಿತು. ಮಂಜವ್ವನ ಜ್ವರ ಇಳಿದು, ಎದೆಯಲ್ಲಿ ಹಾಲು ಇಳಿಯಿತು. ಕೂಸು ಕೆನ್ನೆ ತುಂಬಿಕೊಂಡು ನಗತೊಡಗಿತು. ಒಂದು ದಿನ ಕೃಪಾ ಅದನ್ನು ಮಂಜವ್ವನ ಮಡಿಲಿಗೆ ಹಾಕಿ, ಮುತ್ತಿಟ್ಟು, ಹಿಂದಿರುಗಿ ನೋಡದೆ ಟ್ರಂಕು ಎತ್ತಿಕೊಂಡಳು. ಎಸ್ತೇರಬಾಯಿ ಓಡಿಬಂದು ಅದರ ಇನ್ನೊಂದು ಹಿಡಿಕೆ ಹಿಡಿದುಕೊಂಡಳು. ಇಬ್ಬರೂ ಸ್ಟ್ಯಾಂಡಿಗೆ ನಡೆದರು.

ಬಸ್ಸು ತಡವಾಯಿತು. ಊಟದ ಹೊತ್ತು ಬಂತು, ಮೀರಿತು.

"ಹೋಗ್ರಿ," ಎಂದಳು ಕೃಪಾ. "ನೀವು ಪ್ರಾರ್ಥನಿ ಹೇಳದ ಮನ್ಯಾಗ ಆ ಮಕ್ಕಳು ತುತ್ತು ಎತ್ತಂಗಿಲ್ಲ. ಹಸಕೊಂಡು ಕುಂತಿರ್ತಾವು."

"ಇವತ್ತೊಂದಿನ ಹಸಕೊಂಡಿರಲಿ. ಬಸ್ ಬರಲಿ."

ಕೃಪಾ ತಾಯಿಯ ಮುಖವನ್ನು ತಿರುಗಿ ನೋಡಿದಳು. ಹುಡಿಗ್ಯಾರ ಮನಿಯನ್ನು ಹಸಿವಿನಲ್ಲಿ ಬಿಟ್ಟು ಈಕೆ ತನ್ನ ಮಗ್ಗುಲಲ್ಲಿ ಕೂತದ್ದು ಇದೇ ಮೊದಲು. ಬಸ್ಸು ಬಂದಾಗ ಕೃಪಾ ಹತ್ತಿ, ಕಿಟಕಿಯಿಂದ ಬಗ್ಗಿದಳು.

"ಮುಂದ ನನಗ ಮತ್ತ ದಿನ ತುಂಬಿದ್ರ... ಬರ್ತೀರೇನು?"

"ಬರ್ತೇನಿ. ಏನ ಆಗಲಿ, ಬರ್ತೇನಿ."

ಕೃಪಾ ನಂಬಿದಳೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ಬಸ್ಸು ಹೊರಟಿತು. ಎಸ್ತೇರಬಾಯಿ ಮಕ್ಕಳ ಹಸಿದ ಮುಖ ನೆನೆದು ಬಿಸಿಲಿನಲ್ಲಿ ಓಡೋಡುತ್ತ ಬಂದಳು.

ಪಡಸಾಲೆ ಗುಡಿಸಿಯಾಗಿತ್ತು. ತೊಳೆದ ತಟ್ಟೆಗಳು ಕಟ್ಟೆಯ ಮೇಲೆ ಬೋರಲು ಬಿದ್ದು ಒಣಗುತ್ತಿದ್ದವು. ಸಣ್ಣವರು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು.

"ಊಟ... ಊಟ ಆತೇನು?"

"ಆತ್ರಿ ಬಾಯಾರ. ಮಂಜಕ್ಕ ಪ್ರಾರ್ಥನಿ ಹೇಳಿದ್ಲು, ಗುಡ್ಡವ್ವ ನೀಡಿದ್ಲು. ನಿಮಗೂ ತಗದಿಟ್ಟೇವ್ರಿ."

ಎಸ್ತೇರಬಾಯಿ ಕಂಬ ಹಿಡಿದು ನಿಂತಳು. ಒಬ್ಬರೂ ಹಸಿದಿರಲಿಲ್ಲ. ಏನೂ ನಿಂತಿರಲಿಲ್ಲ. ಮನೆ ಒಡೆಯನದು ಎಂದು ಬಾಯಲ್ಲಿ ಹೇಳುತ್ತಲೇ, ತಾನಿಲ್ಲದಿದ್ದರೆ ಅದು ಒಂದು ಹೊತ್ತೂ ನಡೆಯದೆಂದು ನಂಬಿಕೊಂಡಿದ್ದಳಲ್ಲ! ಹಾಗಾದರೆ ಕೃಪಾಳಿಗೆ ಬೇನೆ ಬಂದ ಆ ದಿನವೂ ನಡೆಯುತ್ತಿತ್ತು. ಚಮನಬಿ ಇದ್ದಳು, ಗುಡ್ಡವ್ವ ಇದ್ದಳು, ದೊಡ್ಡ ಹುಡುಗಿಯರಿದ್ದರು. ಗೇಟು ದಾಟಿ ಹೋಗಿದ್ದರೆ ಇಲ್ಲಿ ಎಲ್ಲವೂ ನಡೆಯುತ್ತಿತ್ತು...

ಮಂಜವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟೆ ತಂದಳು. ಬಾಯಾರ ಕಣ್ಣಿಂದ ನೀರು ಧಾರಾಕಾರ ಸುರಿಯುವುದನ್ನು ಕಂಡು ಗಾಬರಿಯಾದಳು.

"ಯಾಕ್ರಿ ಬಾಯಾರ? ಏನಾತ್ರಿ?"

"ಏನಿಲ್ಲವಾ," ಎಂದಳು ಎಸ್ತೇರಬಾಯಿ. "ನೀವೆಲ್ಲಾ ಹೊಟ್ಟಿ ತುಂಬ ಉಂಡೀರಲ್ಲ... ಅದಕ್ಕ."